ಗಣಕಯಂತ್ರಕ್ಕೆ ಕಿವಿ ಬಂದ ಬಗೆ

ಮನೆಯಲ್ಲಿ ಹಳೆಯ ವಾಲ್ವ್ ರೇಡಿಯೋ ಇದ್ದವರು ಅದರ ಮುಖವನ್ನು ನೋಡಿದಷ್ಟು ಬೆನ್ನನ್ನು ನೋಡಿರಲಾರರು. ಮುಖದ ವೈಭವವೇ ಬೇರೆ: ಗಾಜಿನ ಮೇಲೆ ದೂರದ ಊರುಗಳ ಹೆಸರುಗಳು, ಹಿಂದಿನಿಂದ ಮೂಡುವ ಹಳದಿ ಬೆಳಕು, ತಿರುಗಿಸಿದರೆ ಮೆತ್ತಗೆ ತಿರುಗುವ ಗುಂಡಿಗಳು. ಬೆನ್ನಿನಲ್ಲಿ ತೂತು ತೂತಾದ ಒಂದು ರಟ್ಟು; ಅದರಂಚಿನಲ್ಲಿ ಏರಿಯಲ್ಲಿಗೊಂದು, ಅರ್ತ್ ತಂತಿಗೊಂದು ಸಾಕೆಟ್ಟು. ಅನೇಕ ಸೆಟ್ಟುಗಳಲ್ಲಿ ಇವುಗಳ ಪಕ್ಕದಲ್ಲಿ ಮತ್ತೊಂದು ಜೋಡಿ ತೂತುಗಳಿರುತ್ತಿದ್ದವು. ಅವುಗಳ ಮೇಲೆ ಗ್ರಾಮಫೋನಿನ ಚಿತ್ರವನ್ನೋ 'ಪಿಕ್-ಅಪ್' ಎಂಬ ಮಾತನ್ನೋ ಅಚ್ಚು ಹಾಕಿರುತ್ತಿದ್ದರು. ಗ್ರಾಮಫೋನ್ ತಟ್ಟೆಯ ಮೇಲೆ ಓಡುವ ಮುಳ್ಳಿನಿಂದ ಹೊರಡುವ ಕ್ಷೀಣವಾದ ವಿದ್ಯುತ್ತನ್ನು ಎರಡು ತಂತಿಗಳ ಮೂಲಕ ಅಲ್ಲಿಗೆ ತಂದು ಕೊಟ್ಟರೆ, ರೇಡಿಯೋ ತನ್ನ ಕೆಲಸವನ್ನು ಅಷ್ಟು ಹೊತ್ತು ಬದಿಗಿಟ್ಟು ತಟ್ಟೆಯ ಹಾಡನ್ನು ತನ್ನ ಗಂಟಲಿನಿಂದ ಹಾಡುತ್ತಿತ್ತು. ಬಂದ ನೆಂಟರಿಗೆ ಜಗಲಿಯನ್ನು ಬಿಟ್ಟುಕೊಟ್ಟ ಹಾಗೆ.

ಈಗ ಮೇಜಿನ ಮೇಲೆ ಕೂತಿರುವ ಕಂಪ್ಯೂಟರಿನ ಬೆನ್ನಿನಲ್ಲಿಯೂ ಇಂಥದೇ ಒಂದು ತೂತುಂಟು. ತಿಳಿನೀಲಿ ಬಣ್ಣದ ಉಂಗುರ ಅದರ ಗುರುತು. ಹೊರಗಿನ ಧ್ವನಿಯನ್ನು ಒಳಕ್ಕೆ ತರುವುದು ಅದರ ಉದ್ದೇಶ. ಹಾಡು ಕೇಳುವ ಶೋಕಿಗಾಗಿ ಯಾರೋ ಇದನ್ನು ಈಚೆಗೆ ಸೇರಿಸಿರಬೇಕೆಂದು ನಾವು ತಿಳಿಯುವುದು ಸಹಜ. ಚರಿತ್ರೆಯನ್ನು ನೋಡಿದರೆ ವಿಷಯ ಬೇರೆಯೇ ಇದೆ. ಸಾಮಾನ್ಯ ಮನೆಗಳ ಕಂಪ್ಯೂಟರುಗಳು ಹೊರಗಿನ ಧ್ವನಿಗೆ ಮೊದಲು ಕಿವಿಗೊಟ್ಟದ್ದು ಹಾಡಿಗಾಗಿ ಅಲ್ಲ, ತಮ್ಮ ನೆನಪಿಗಾಗಿ. ಈ ಕಥೆಯಲ್ಲಿ ರೇಡಿಯೋಗೂ ಒಂದು ಪಾತ್ರವಿದೆಯಾದ್ದರಿಂದ ಇಲ್ಲಿ ಅದನ್ನು ಹೇಳುವುದು ಅಸಂಗತವಾಗಲಾರದು.

ಮೊದಲು ತಂತಿಯ ತುದಿಯಲ್ಲಿರುವ ಪ್ಲಗ್ಗಿನ ಮಾತು. ಅದು ನಮಗೆ ಟೆಲಿಫೋನಿನಿಂದ ಬಂದ ಬಳುವಳಿ. ವ್ಯಾಪಾರೀ ರೀತಿಯ ಮೊದಲ ಟೆಲಿಫೋನ್ ವಿನಿಮಯ ಕೇಂದ್ರ ಅಮೆರಿಕದ ನ್ಯೂ ಹೇವನ್ ನಗರದಲ್ಲಿ 1878ರ ಜನವರಿಯಲ್ಲಿ ಆರಂಭವಾಯಿತು. ಚಂದಾದಾರರ ಸಂಖ್ಯೆ ಬೆಳೆದಂತೆ ಒಬ್ಬರ ತಂತಿಯನ್ನು ಇನ್ನೊಬ್ಬರ ತಂತಿಗೆ ಕ್ಷಣದಲ್ಲಿ ಕೂಡಿಸಿ ಕ್ಷಣದಲ್ಲಿ ಬಿಡಿಸುವ ಸಾಧನ ಬೇಕಾಯಿತು. ಕಾಲು ಅಂಗುಲ ದಪ್ಪದ ಹಿತ್ತಾಳೆಯ ಕಡ್ಡಿಯೊಂದನ್ನು ತೂತಿಗೆ ತುರುಕುವ ಏರ್ಪಾಡು ಹುಟ್ಟಿದ್ದು ಹೀಗೆ. ದೊಡ್ಡ ಹಲಗೆಯ ಮುಂದೆ ಸಾಲಾಗಿ ಕೂತು ತಂತಿಗಳನ್ನು ಎಳೆದು ಚುಚ್ಚುತ್ತಿದ್ದ ಆಪರೇಟರ್ ಹೆಂಗಸರ ಚಿತ್ರವನ್ನು ಬಹುಮಂದಿ ನೋಡಿರಬಹುದು. ಅದೇ ಕಡ್ಡಿ ಮುಂದೆ ಧ್ವನಿಮುದ್ರಣದ ಕೋಣೆಗಳನ್ನೂ ಬಾನುಲಿ ನಿಲಯಗಳನ್ನೂ ಹೊಕ್ಕಿತು. ಅದರ ಮರಿ, ಮೂರೂವರೆ ಮಿಲಿಮೀಟರಿನದು, ಟ್ರಾನ್ಸಿಸ್ಟರ್ ರೇಡಿಯೋವಿನ ಒಂಟಿ ಇಯರ್‌ಫೋನಿನ ಜತೆ ಮನೆಗಳಿಗೆ ಬಂತು. 1979ರಲ್ಲಿ ಸೋನಿ ಸಂಸ್ಥೆಯ ವಾಕ್‌ಮನ್ ಹೊರಟ ಮೇಲೆ ಲೋಕವನ್ನೇ ವ್ಯಾಪಿಸಿತು. ಕಂಪ್ಯೂಟರಿನ ನೀಲಿ ತೂತಿಗೆ ಹೋಗುವುದೂ ಈ ಮರಿಯೇ.

ಈಗ 1975ಕ್ಕೆ ಬರೋಣ. ಆ ವರ್ಷದ ಜನವರಿಯಲ್ಲಿ ಅಮೆರಿಕದ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಒಂದು ಪೆಟ್ಟಿಗೆಯ ಚಿತ್ರ ಬಂತು. ಬಿಡಿಭಾಗಗಳಾಗಿ ತರಿಸಿಕೊಂಡು ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿಕೊಳ್ಳಬಹುದಾದ ಕಂಪ್ಯೂಟರು. ಬೆಲೆ 397 ಡಾಲರು. ಅದುವರೆಗೆ ಕಂಪ್ಯೂಟರೆಂದರೆ ಸರ್ಕಾರದ, ವಿಶ್ವವಿದ್ಯಾನಿಲಯದ, ಬ್ಯಾಂಕಿನ ಸೊತ್ತು. ಈಗ ಕುತೂಹಲಿಗಳ ಗ್ಯಾರೇಜುಗಳಲ್ಲಿ ಅದು ಬಂದು ಕೂತಿತು. ಆದರೆ ಒಂದು ಕೊರತೆ ಮಾತ್ರ ಜೀವ ಹಿಂಡುವಂಥದು. ಸ್ವಿಚ್ಚು ಆರಿಸಿದೊಡನೆ ಅದು ಎಲ್ಲವನ್ನೂ ಮರೆತುಬಿಡುತ್ತಿತ್ತು. ಗಂಟೆಗಟ್ಟಲೆ ಕೂತು ಒಂದೊಂದೇ ಗುಂಡಿ ಒತ್ತಿ ಒಳಗೆ ಹಾಕಿದ ಪ್ರೋಗ್ರಾಂ ಕರೆಂಟು ಹೋದ ಗಳಿಗೆಯಲ್ಲಿ ಇಲ್ಲವಾಗುತ್ತಿತ್ತು. ದೊಡ್ಡ ಸಂಸ್ಥೆಗಳು ಇದಕ್ಕಾಗಿ ಬಳಸುತ್ತಿದ್ದ ಕಾಗದಪಟ್ಟಿಯ ಯಂತ್ರಗಳೂ ಡಿಸ್ಕ್ ಯಂತ್ರಗಳೂ ಗೃಹಸ್ಥನ ಕೈಗೆ ಎಟುಕುವಂತಿರಲಿಲ್ಲ. ಮೂರು ವರ್ಷ ಕಳೆದು 1978ರಲ್ಲಿ ಆಪಲ್ ಸಂಸ್ಥೆ ಅಗ್ಗವೆಂದು ಹೊರತಂದ ಡಿಸ್ಕ್ ಡ್ರೈವು ಕೂಡ ಮುಂಗಡ ಕೊಟ್ಟವರಿಗೆ 495 ಡಾಲರು. ಅಂದರೆ ನೆನಪಿನ ಬೆಲೆ ಆಲ್ಟೇರಿನಂಥ ಮಿದುಳಿನ ಬೆಲೆಯನ್ನೇ ಮೀರಿಸಿತ್ತು!

ಆಗ ಅವರ ಕಣ್ಣಿಗೆ ಬಿದ್ದದ್ದು ಬೈಠಕ್ಕಿನ ಮೂಲೆಯಲ್ಲಿದ್ದ ಕ್ಯಾಸೆಟ್ ಟೇಪ್ ರೆಕಾರ್ಡರು. 1963ರಲ್ಲಿ ಫಿಲಿಪ್ಸ್ ಸಂಸ್ಥೆ ಹೊರತಂದ ಪುಟ್ಟ ಕ್ಯಾಸೆಟ್ಟು ಅಷ್ಟರಲ್ಲಿ ಮನೆಮನೆಯ ವಸ್ತುವಾಗಿತ್ತು. ಅದು ಧ್ವನಿಯನ್ನು ಹಿಡಿದಿಡುತ್ತದೆ. ಕಂಪ್ಯೂಟರಿಗೆ ಬೇಕಾದದ್ದು ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳು. ಹಾಗಾದರೆ ಸೊನ್ನೆಗೊಂದು ಸ್ವರ, ಒಂದಕ್ಕೆ ಇನ್ನೊಂದು ಸ್ವರ ಎಂದು ಇಟ್ಟುಕೊಂಡರಾಯಿತಲ್ಲ! ಯೋಚನೆ ಸರಳವಾಗಿತ್ತು. ಆದರೆ ಒಬ್ಬೊಬ್ಬರೂ ತಮತಮಗೆ ತೋರಿದ ಸ್ವರಗಳನ್ನು ಇಟ್ಟುಕೊಂಡರೆ ಒಬ್ಬನ ಕ್ಯಾಸೆಟ್ಟು ಇನ್ನೊಬ್ಬನ ಯಂತ್ರಕ್ಕೆ ಗೊತ್ತಾಗುವುದು ಹೇಗೆ? ಇದನ್ನು ತೀರ್ಮಾನಿಸುವುದಕ್ಕಾಗಿ 'ಬೈಟ್' ಎಂಬ ಪತ್ರಿಕೆಯವರು 1975ರ ನವೆಂಬರಿನಲ್ಲಿ ಕನ್ಸಾಸ್ ಸಿಟಿಯಲ್ಲಿ ಒಂದು ಸಭೆ ಕರೆದರು. ಅಲ್ಲಿ ಮಾಡಿಕೊಂಡ ಒಡಂಬಡಿಕೆಯನ್ನು ಬರಹಕ್ಕೆ ಇಳಿಸಿದವರು ಲೀ ಫೆಲ್ಸೆನ್‌ಸ್ಟೈನ್ ಮತ್ತು ಹೆರಾಲ್ಡ್ ಮಾಚ್. ಸೊನ್ನೆಗೆ ಸೆಕೆಂಡಿಗೆ 1200 ಕಂಪನಗಳ ಸ್ವರದ ನಾಲ್ಕು ಅಲೆಗಳು. ಒಂದಕ್ಕೆ 2400 ಕಂಪನಗಳ ಸ್ವರದ ಎಂಟು ಅಲೆಗಳು. ಸಂಗೀತ ಬಲ್ಲವರಿಗೆ ಇದರ ಗುಟ್ಟು ಕೂಡಲೇ ಹೊಳೆಯುತ್ತದೆ: ಎರಡನೆಯದು ಮೊದಲನೆಯದರ ತಾರಸ್ಥಾಯಿ. ಮಂದ್ರದ ಸ ಒಂದಾದರೆ ಮೇಲಿನ ಸ ಇನ್ನೊಂದು. ಎರಡಕ್ಕೂ ಹಿಡಿಯುವ ಕಾಲ ಒಂದೇ. ರೆಕಾರ್ಡರಿನ ಮೋಟಾರು ತುಸು ನಿಧಾನವಾಗಿ ಓಡಿದರೂ ಎರಡು ಸ್ವರಗಳೂ ಒಟ್ಟಿಗೆ ಇಳಿಯುತ್ತವೆಯಾದ್ದರಿಂದ ಅವುಗಳ ನಡುವಣ ಅಂತರ ಕೆಡುತ್ತಿರಲಿಲ್ಲ. ಅಗ್ಗದ ಯಂತ್ರಗಳ ದೋಷವನ್ನು ಮೊದಲೇ ಒಪ್ಪಿಕೊಂಡು ಮಾಡಿದ ಏರ್ಪಾಡು ಅದು.

ವೇಗದ ಮಾತು ಕೇಳಿದರೆ ಈಗಿನ ಹುಡುಗರು ನಗುತ್ತಾರೆ. ಸೆಕೆಂಡಿಗೆ 300 ಗುರುತುಗಳು. ಒಂದು ಇಂಗ್ಲಿಷ್ ಅಕ್ಷರಕ್ಕೆ ಹಿಂದು ಮುಂದಿನ ಸೂಚನೆಗಳೂ ಸೇರಿ 11 ಗುರುತುಗಳು ಬೇಕು. ಎಂದರೆ ಸೆಕೆಂಡಿಗೆ 27 ಅಕ್ಷರಗಳು. ಒಂದು ಗಂಟೆಯ ಕ್ಯಾಸೆಟ್ಟಿನ ಎರಡು ಮಗ್ಗುಲಲ್ಲೂ ತುಂಬಿಸಿದರೆ ಸುಮಾರು 98,000 ಅಕ್ಷರಗಳಾಗುತ್ತವೆ. ಈ ಸಂಖ್ಯೆಯನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಕೆಲಸಕ್ಕೆ ಬರುತ್ತದೆ.

ಧ್ವನಿಯಾದ ಮೇಲೆ ಅದು ಕ್ಯಾಸೆಟ್ಟಿನಲ್ಲೇ ಇರಬೇಕೆಂದೇನೂ ಇಲ್ಲವಲ್ಲ. 1977ರ ಮೇ ತಿಂಗಳಲ್ಲಿ 'ಇಂಟರ್‌ಫೇಸ್ ಏಜ್' ಎಂಬ ಪತ್ರಿಕೆ ತನ್ನ ಸಂಚಿಕೆಯೊಳಗೆ ತೆಳುವಾದ ಪ್ಲಾಸ್ಟಿಕ್ಕಿನ ಗ್ರಾಮಫೋನ್ ತಟ್ಟೆಯೊಂದನ್ನು ಇಟ್ಟು ಹಂಚಿತು. ತಟ್ಟೆಯಲ್ಲಿದ್ದದ್ದು ಹಾಡಲ್ಲ, ಬೇಸಿಕ್ ಭಾಷೆಯ ಪ್ರೋಗ್ರಾಂ. ಓದುಗರು ಮನೆಯ ರೆಕಾರ್ಡ್ ಪ್ಲೇಯರಿನ ಮೇಲೆ ಅದನ್ನು ತಿರುಗಿಸಿ ಬಂದ ಧ್ವನಿಯನ್ನು ಕಂಪ್ಯೂಟರಿಗೆ ಕೇಳಿಸಬೇಕು. ರೇಡಿಯೋ ಸೆಟ್ಟಿನ ಬೆನ್ನಿನ 'ಪಿಕ್-ಅಪ್' ತೂತಿನ ವಂಶ ಹೀಗೆ ಕಂಪ್ಯೂಟರಿನ ಮನೆತನದೊಡನೆ ಬೀಗತನ ಬೆಳೆಸಿತು.

ಬೇಗನೆ ಇದು ಎಲ್ಲೆಡೆಯ ರೂಢಿಯಾಯಿತು. 1977ರ ಆಪಲ್ 2ರ ಬೆನ್ನಿನಲ್ಲಿ ಕ್ಯಾಸೆಟ್ಟಿಗೆಂದು ಎರಡು ತೂತುಗಳಿದ್ದವು. 1981ರಲ್ಲಿ ಗಂಭೀರ ಮುಖದ ಐ.ಬಿ.ಎಂ. ಸಂಸ್ಥೆ ತನ್ನ ಮೊದಲ ಪಿ.ಸಿ.ಯನ್ನು ಹೊರತಂದಾಗ ಅದರಲ್ಲಿಯೂ ಕ್ಯಾಸೆಟ್ಟಿನ ಸಾಕೆಟ್ಟು ಇತ್ತು. ಎರಡು ವರ್ಷಗಳ ನಂತರದ ಮಾದರಿಯಲ್ಲಿ ಅದನ್ನು ಕಿತ್ತುಹಾಕಿದರು. ಇಂಗ್ಲೆಂಡಿನಲ್ಲಿ 1982ರಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್, ಚಿಕ್ಕದರ ಬೆಲೆ 125 ಪೌಂಡು, ಪೂರ್ತಿಯಾಗಿ ಟೇಪ್ ರೆಕಾರ್ಡರನ್ನೇ ನಂಬಿಕೊಂಡಿತ್ತು. ಅದರ ಹಿಂಬದಿಯಲ್ಲಿ 'ಮೈಕ್' ಎಂದೊಂದು, 'ಇಯರ್' ಎಂದೊಂದು ತೂತು. ರೆಕಾರ್ಡರಿನ ಇಯರ್‌ಫೋನ್ ಸಾಕೆಟ್ಟಿಗೆ ಕೂಡಿಸಬೇಕು ಎಂಬುದಕ್ಕಾಗಿ ಇಟ್ಟ ಹೆಸರು ಅದು. ಮನುಷ್ಯನ ಕಿವಿಗೆಂದು ಇಟ್ಟ ತೂತಿನಿಂದ ಹೊರಟ ತಂತಿ ಯಂತ್ರದ ಕಿವಿಗೆ ಹೋಗಿ ಸೇರಿತು. ಯಾರೂ ಉದ್ದೇಶಪಟ್ಟು ಮಾಡಿದ ಶ್ಲೇಷೆ ಇದಲ್ಲವಾದರೂ ಇದಕ್ಕಿಂತ ಒಪ್ಪುವ ಹೆಸರು ಸಿಕ್ಕುತ್ತಿರಲಿಲ್ಲ.

ಆ ಕಿವಿ ಬಹಳ ನಾಜೂಕಿನದು. ಧ್ವನಿ ಸಣ್ಣದಾದರೆ ಕೇಳಿಸದು, ದೊಡ್ಡದಾದರೆ ತಿಳಿಯದು. ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಸರಿಯಾದ ಜಾಗ ಸಿಕ್ಕಿದರೆ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡುತ್ತ, ಆಗಲೂ ಒಗ್ಗದಿದ್ದರೆ ಸಣ್ಣ ಸ್ಕ್ರೂಡ್ರೈವರಿನಿಂದ ರೆಕಾರ್ಡರಿನ ಹೆಡ್ಡಿನ ವಾಲುವನ್ನು ತಿದ್ದುತ್ತ ಮಕ್ಕಳು ಸಂಜೆಗಳನ್ನು ಕಳೆದರು. ಕೀರಲು ಶಬ್ದ ಹೊರಟೊಡನೆ ಪರದೆಯ ಅಂಚಿನಲ್ಲಿ ಕೆಂಪು, ಆಮೇಲೆ ನೀಲಿ ಮತ್ತು ಹಳದಿಯ ಪಟ್ಟೆಗಳು ಓಡುತ್ತಿದ್ದವು. ಐದು ನಿಮಿಷ ಉಸಿರು ಬಿಗಿಹಿಡಿದು ಕೂತಿದ್ದು ಕೊನೆಯ ಗಳಿಗೆಯಲ್ಲಿ ತಪ್ಪಾಯಿತೆಂದರೆ ಮತ್ತೆ ಮೊದಲಿನಿಂದ. ನಮ್ಮ ದೇಶಕ್ಕೆ ಸಂಬಂಧಪಟ್ಟ ಒಂದು ವಿಷಯವನ್ನೂ ಇಲ್ಲಿಯೇ ಹೇಳಬಹುದು. 1984ರಲ್ಲಿ ಭಾರತ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಪರಿಚಯ ಮಾಡಿಕೊಡುವ 'ಕ್ಲಾಸ್' ಯೋಜನೆಯನ್ನು ತೊಡಗಿದಾಗ ಆರಿಸಿದ್ದು ಬಿ.ಬಿ.ಸಿ. ಮೈಕ್ರೊ ಎಂಬ ಯಂತ್ರವನ್ನು. ಅದರ ಬೆನ್ನಿನಲ್ಲಿಯೂ ಕ್ಯಾಸೆಟ್ಟಿನ ಸಾಕೆಟ್ಟು ಇತ್ತು. ಒಳಗಿದ್ದ ಪುಟ್ಟ ರಿಲೇ 'ಟಕ್' ಎಂದು ಬಡಿದು ರೆಕಾರ್ಡರಿನ ಮೋಟಾರನ್ನು ತಾನೇ ಓಡಿಸಿ ನಿಲ್ಲಿಸುವಂತಿತ್ತು.

ಪ್ರೋಗ್ರಾಂ ಎಂಬುದು ಧ್ವನಿಯಾಗಿ ಹೋದ ಮೇಲೆ, ಧ್ವನಿಯನ್ನು ಊರೂರಿಗೆ ಮುಟ್ಟಿಸುವ ಕಸುಬಿನವರು ಸುಮ್ಮನಿರುವುದುಂಟೆ? ನೆದರ್ಲೆಂಡ್ಸ್ ದೇಶದ ಎನ್.ಓ.ಎಸ್. ಬಾನುಲಿ ತನ್ನ 'ಹಾಬಿಸ್ಕೋಪ್' ಕಾರ್ಯಕ್ರಮದಲ್ಲಿ ಕಂಪ್ಯೂಟರ್ ಪ್ರೋಗ್ರಾಂಗಳನ್ನೇ ಪ್ರಸಾರ ಮಾಡತೊಡಗಿತು. ನಿರೂಪಕರು ಎರಡು ಮಾತು ಹೇಳಿ ನಿಲ್ಲಿಸುವರು. ಆಮೇಲೆ ಕೆಲವು ನಿಮಿಷ ಕೀರಲು ಧ್ವನಿ. ಮನೆಗಳಲ್ಲಿ ಜನ ಅದನ್ನು ಕ್ಯಾಸೆಟ್ಟಿಗೆ ಹಿಡಿದುಕೊಂಡು ಕಂಪ್ಯೂಟರಿಗೆ ಕೇಳಿಸುವರು. 'ಕಾರ್ಯಕ್ರಮ' ಎಂಬ ನಮ್ಮ ಮಾತಿನ ಎರಡು ಅರ್ಥಗಳೂ ಅಲ್ಲಿ ಕೂಡಿಕೊಂಡವು. ಆದರೆ ಕೂಡಲೇ ಒಂದು ತೊಡಕು ಕಾಣಿಸಿತು. ಒಂದೊಂದು ಕಂಪನಿಯ ಯಂತ್ರದ ಬೇಸಿಕ್ ಭಾಷೆ ಒಂದೊಂದು ತೆರ. ಧಾರವಾಡದವನ ಮಾತು ಮಂಗಳೂರಿನವನಿಗೆ ತಿಳಿದೀತು, ಇವಕ್ಕೆ ಅಷ್ಟೂ ಇಲ್ಲ. ಅದಕ್ಕೆ ಅವರು 'ಬೇಸಿಕೋಡ್' ಎಂಬ ಕೂಡುಭಾಷೆಯೊಂದನ್ನು ಕಟ್ಟಿದರು. ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಮಾತುಗಳಷ್ಟೇ ಅದರಲ್ಲಿ. ಪ್ರೋಗ್ರಾಂನ 1000ನೆಯ ಸಾಲಿಗಿಂತ ಕೆಳಗಿನದೆಲ್ಲ ಆಯಾ ಯಂತ್ರದ ಸ್ವಂತ ವ್ಯವಹಾರಕ್ಕೆ ಮೀಸಲು. ಅಲ್ಲಿಂದ ಮೇಲೆ ಎಲ್ಲರಿಗೂ ಒಂದೇ. ಕೊನೆಯಲ್ಲಿ ಲೆಕ್ಕ ತಾಳೆ ನೋಡುವ ಒಂದು ಅಂಕಿ. ಗುಡುಗಿನ ದಿನ ಮೀಡಿಯಂ ವೇವ್ ಕೇಳಿದವರಿಗೆ ಈ ಅಂಕಿಯ ಬೆಲೆ ಗೊತ್ತಾಗುತ್ತದೆ. ನಾವು ಒಂದು 'ಚಟಕ್' ಶಬ್ದವನ್ನು ಸಹಿಸಿಕೊಂಡು ಹಾಡನ್ನು ಕೇಳುತ್ತೇವೆ. ಕಂಪ್ಯೂಟರಿಗೆ ಆ ಸೈರಣೆಯಿಲ್ಲ.

ಬೇಸಿಕೋಡಿನ ಸುದ್ದಿ ನೆರೆಯ ದೇಶಗಳಿಗೆ ಹಬ್ಬಿತು. ಬಿ.ಬಿ.ಸಿ.ಯ 'ಚಿಪ್ ಶಾಪ್' ಕಾರ್ಯಕ್ರಮ ಅದನ್ನು ಕೈಗೆತ್ತಿಕೊಂಡಿತು. ಬರ್ಲಿನ್ ಗೋಡೆಯ ಆಚೆಗಿದ್ದ ಪೂರ್ವ ಜರ್ಮನಿಯ ಬಾನುಲಿ ಕೂಡ 1980ರ ದಶಕದ ಕೊನೆಯಲ್ಲಿ ಅದನ್ನು ಪ್ರಸಾರ ಮಾಡಿತು. ರಾಜಕಾರಣಿಗಳು ಹಾಕಿದ ಗೋಡೆಗೆ ಈ ಕೀರಲು ಧ್ವನಿಯ ಗೊಡವೆಯಿರಲಿಲ್ಲ.

ಈ ಅಧ್ಯಾಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ನಡೆದದ್ದು ಯುಗೊಸ್ಲಾವಿಯದಲ್ಲಿ. ಆ ದೇಶ ಈಗ ನಕ್ಷೆಯಲ್ಲಿಲ್ಲ. ಅಲ್ಲಿ ಹೊರದೇಶದಿಂದ ತರಬಹುದಾದ ವಸ್ತುಗಳಿಗೆ ಬೆಲೆಯ ಮಿತಿಯಿತ್ತು. ಕಂಪ್ಯೂಟರುಗಳು ಆ ಮಿತಿಯನ್ನು ಎಲ್ಲಿಯೋ ಮೀರಿದ್ದವು. ತರಬೇಕಾದರೆ ಗಡಿಯಲ್ಲಿ ಬಚ್ಚಿಟ್ಟು ತರಬೇಕು. ಹೀಗಿರುವಾಗ 1983ರಲ್ಲಿ ವೋಯಾ ಆಂತೋನಿಚ್ ಎಂಬ ತಜ್ಞ ಸುಲಭವಾಗಿ ಸಿಕ್ಕುವ ಬಿಡಿಭಾಗಗಳಿಂದ ಜನರೇ ಕಟ್ಟಿಕೊಳ್ಳಬಹುದಾದ ಕಂಪ್ಯೂಟರೊಂದನ್ನು ಯೋಚಿಸಿದ. ಪರದೆಯ ಮೇಲೆ ಚಿತ್ರ ಬಿಡಿಸುವುದಕ್ಕೆ ಬೇರೆ ಚಿಪ್ಪು ಕೊಳ್ಳುವ ಖರ್ಚೇಕೆ, ಆ ಕೆಲಸವನ್ನೂ ಮುಖ್ಯ ಚಿಪ್ಪಿನ ಮೇಲೆಯೇ ಹೇರಿದರಾಯಿತು ಎಂಬುದು ಆತನ ಜಾಣತನ. 'ಗಲಾಕ್ಸಿಯ' ಎಂಬ ವಿಜ್ಞಾನ ಪತ್ರಿಕೆಯ ವಿಶೇಷ ಸಂಚಿಕೆಯಲ್ಲಿ, ದೇಯಾನ್ ರಿಸ್ತಾನೋವಿಚ್ ಅವರ ಸಂಪಾದಕತ್ವದಲ್ಲಿ, ಅದರ ನಕ್ಷೆ ಪೂರ್ತಿಯಾಗಿ ಪ್ರಕಟವಾಯಿತು. ಯಂತ್ರಕ್ಕೂ ಪತ್ರಿಕೆಯ ಹೆಸರೇ ನಿಂತಿತು. ಸಾವಿರಾರು ಮಂದಿ ಭಾಗಗಳನ್ನು ತರಿಸಿಕೊಂಡು ಬೆಸುಗೆ ಕಡ್ಡಿ ಹಿಡಿದು ಕೂತರು. ತಪ್ಪು ಮಾಡಿದರೆ ಅದು ಮೂರೇ ಬಗೆಯಲ್ಲಿ ಗೊಣಗುತ್ತಿತ್ತು: 'ಏನು?', 'ಹೇಗೆ?', ಜಾಗ ಸಾಲದಾದಾಗ 'ಕ್ಷಮಿಸಿ'. ಇಷ್ಟು ವಿನಯವಾಗಿ ತಪ್ಪೊಪ್ಪಿಕೊಳ್ಳುವ ಯಂತ್ರಗಳು ಅನಂತರ ಅಪರೂಪವಾದವು.

ಯಂತ್ರವೇನೋ ಆಯಿತು, ಅದಕ್ಕೆ ಪ್ರೋಗ್ರಾಂ ಎಲ್ಲಿಂದ? ಬೆಲ್‌ಗ್ರೇಡ್ ರೇಡಿಯೋದಲ್ಲಿ 'ವೆಂಟಿಲೇಟರ್ 202' ಎಂಬ ಸಂಗೀತ ಕಾರ್ಯಕ್ರಮ ನಡೆಸುತ್ತಿದ್ದ ಜೊರಾನ್ ಮೋದ್ಲಿ ಇದಕ್ಕೆ ದಾರಿ ಮಾಡಿದರು. ಅವರು ವೃತ್ತಿಯಿಂದ ವಿಮಾನ ಚಾಲಕರೂ ಆಗಿದ್ದರು. 1983ರಿಂದ ಹಾಡುಗಳ ನಡುವೆ ಅವರು ಕಂಪ್ಯೂಟರ್ ಪ್ರೋಗ್ರಾಂಗಳನ್ನು ಪ್ರಸಾರ ಮಾಡಿದರು. ರೆಕಾರ್ಡರು ಒತ್ತಿಕೊಂಡು ಕಾದಿದ್ದ ಕೇಳುಗರು ಅದನ್ನು ಹಿಡಿದರು. ಸುಂಕದ ಕಟ್ಟೆಯಲ್ಲಿ ಪೆಟ್ಟಿಗೆಯನ್ನು ತಡೆಯಬಹುದು, ಆದರೆ ಗಾಳಿಯಲ್ಲಿ ಬಂದದ್ದನ್ನು ತಡೆಯುವವರಾರು? ಅಂಗಡಿಯಿಲ್ಲದ ಊರಿನ ಹುಡುಗನಿಗೂ ರಾಜಧಾನಿಯ ಹುಡುಗನಿಗೂ ಒಂದೇ ಗಳಿಗೆಯಲ್ಲಿ ಒಂದೇ ಪ್ರೋಗ್ರಾಂ, ಕಾಸಿಲ್ಲದೆ. ಬಾನುಲಿಯ ಚರಿತ್ರೆ ಬರೆಯುವವರು ಯುದ್ಧಕಾಲದ ಭಾಷಣಗಳಿಗೆ ಪುಟಗಟ್ಟಲೆ ಕೊಡುತ್ತಾರೆ; ಇದಕ್ಕೆ ಒಂದು ಸಾಲನ್ನಾದರೂ ಕೊಡಬೇಕೆಂದು ನನ್ನ ಅಭಿಪ್ರಾಯ.

ಡಿಸ್ಕುಗಳ ಬೆಲೆ ಇಳಿದಂತೆ ಕ್ಯಾಸೆಟ್ಟಿನ ಈ ಉದ್ಯೋಗ ಹೋಯಿತು. ಮೇಜಿನ ಕಂಪ್ಯೂಟರು ಕೆಲವು ವರ್ಷ ಕಿವುಡಾಗಿಯೇ ಇತ್ತು. ಬಾಯಿಗೂ 'ಬೀಪ್' ಎನ್ನುವುದಕ್ಕಿಂತ ಹೆಚ್ಚಿನ ಶಕ್ತಿಯಿರಲಿಲ್ಲ. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಸಂಸ್ಥೆ 'ಸೌಂಡ್ ಬ್ಲಾಸ್ಟರ್' ಎಂಬ ಧ್ವನಿಯ ಹಲಗೆಯನ್ನು ಹೊರತಂದಿತು. ಅದು ಮತ್ತು ಅದರ ಮುಂದಿನ ಪೀಳಿಗೆಗಳು ಕಿವಿಯನ್ನು ಹಿಂದಿರುಗಿಸಿದವು. 1999ರ ಹೊತ್ತಿಗೆ ಬಣ್ಣಗಳೂ ಗೊತ್ತಾದವು: ಮೈಕಿಗೆ ಗುಲಾಬಿ, ಸ್ಪೀಕರಿಗೆ ಹಸಿರು, ಹೊರಗಿನ ಧ್ವನಿಗೆ ತಿಳಿನೀಲಿ. ಆದರೆ ಈಗ ಕೆಲಸ ತಿರುಗಿಬಿದ್ದಿತ್ತು. ಹಿಂದೆ ಅಂಕಿಗಳನ್ನು ಧ್ವನಿಮಾಡಿ ಟೇಪಿಗೆ ಒಪ್ಪಿಸುತ್ತಿದ್ದರು. ಈಗ ಟೇಪಿನ ಧ್ವನಿಯನ್ನು ಅಂಕಿಗಳಾಗಿ ಮಾಡಿ ಕಂಪ್ಯೂಟರು ತನ್ನಲ್ಲಿ ಇಟ್ಟುಕೊಳ್ಳತೊಡಗಿತು. ಕಾಂಪ್ಯಾಕ್ಟ್ ಡಿಸ್ಕಿನ ಅಳತೆಯಲ್ಲಿ ಸೆಕೆಂಡಿಗೆ 44,100 ಸಲ ಧ್ವನಿಯ ಏರಿಳಿತವನ್ನು ಅಳೆದು ಬರೆದಿಡಬೇಕು, ಅದೂ ಎಡಕ್ಕೊಮ್ಮೆ ಬಲಕ್ಕೊಮ್ಮೆ. ಲೆಕ್ಕ ಹಾಕಿದರೆ ಒಂದು ಗಂಟೆಗೆ 63 ಕೋಟಿಗೂ ಮಿಕ್ಕು ಅಕ್ಷರಗಳ ಜಾಗ ಬೇಕು. ಹಿಂದಿನ ಸಂಖ್ಯೆ ನೆನಪಿದೆಯಷ್ಟೆ? ಅಂಕಿಗಳನ್ನು ತುಂಬಿಸಹೊರಟರೆ 98,000 ಅಕ್ಷರಕ್ಕೇ ತುಂಬಿಹೋಗುತ್ತಿದ್ದ ಅದೇ ಕ್ಯಾಸೆಟ್ಟು, ಯಾರೋ ಒಬ್ಬರು ಅದರೊಳಗೆ ಹಾಡಿದ್ದಾರೆಂದರೆ 63 ಕೋಟಿ ಕೇಳುತ್ತದೆ.

ಈ ಕೆಲಸಕ್ಕೆ ಈಗ ಅವಸರವಿದೆ. ಟೇಪಿನ ಮೇಲಿನ ಲೇಪ ಕಾಲಕ್ರಮದಲ್ಲಿ ಉದುರುತ್ತದೆ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ನುಡಿಸುವ ರೆಕಾರ್ಡರುಗಳ ರಬ್ಬರ್ ಬೆಲ್ಟುಗಳು ಜಿಗುಟಾಗಿ ಕರಗುತ್ತವೆ. ಅತ್ತ ನೀಲಿ ತೂತೂ ಮರೆಯಾಗುತ್ತಿದೆ. ಈಚಿನ ಮಡಿಚುವ ಕಂಪ್ಯೂಟರುಗಳಲ್ಲಿ ಬಹುಮಟ್ಟಿಗೆ ಒಂದೇ ತೂತು. ಅದು ಒಂದೇ ಕಿವಿಯ ಮೈಕಿಗೆಂದು ಮಾಡಿದ್ದು. ಅಂಥ ಕಡೆ ಯು.ಎಸ್.ಬಿ.ಗೆ ಸಿಕ್ಕಿಸುವ ಚಿಕ್ಕ ಧ್ವನಿ ಪೆಟ್ಟಿಗೆಯೊಂದನ್ನು ತರಬೇಕಾಗುತ್ತದೆ. ನೀಲಿ ತೂತು ಇದ್ದವರೂ ತಂತಿಯನ್ನು ಗುಲಾಬಿಗೆ ಚುಚ್ಚಬಾರದು. ಮೈಕಿನಿಂದ ಬರುವುದು ವೋಲ್ಟಿನ ಸಾವಿರದೊಂದು ಪಾಲಿನ ಲೆಕ್ಕದ ವಿದ್ಯುತ್ತು, ರೆಕಾರ್ಡರಿನಿಂದ ಬರುವುದು ಅದರ ನೂರಾರು ಪಟ್ಟು. ಹಾಡು ಒಡೆದು ಚೂರಾಗಿ ಕೇಳುತ್ತದೆ. ಇನ್ನೊಂದು ಎಚ್ಚರಿಕೆ. ಹಳೆಯ ಎ.ಸಿ./ಡಿ.ಸಿ. ವಾಲ್ವ್ ಸೆಟ್ಟುಗಳಲ್ಲಿ ಒಳಗಿನ ಲೋಹದ ಚೌಕಟ್ಟು ಮನೆಯ ಕರೆಂಟಿಗೇ ನೇರವಾಗಿ ತಗುಲಿಕೊಂಡಿರುವುದುಂಟು. ಅವುಗಳಿಂದ ಕಂಪ್ಯೂಟರಿಗೆ ತಂತಿ ಎಳೆಯುವ ಸಾಹಸ ಬೇಡ. ಯಂತ್ರವೂ ಸುಡಬಹುದು, ಕೈಯೂ ಸುಡಬಹುದು.

ಮೋದ್ಲಿಯವರು 2020ರಲ್ಲಿ ತೀರಿಕೊಂಡರು. ಆ ಕಾಲದ ಕ್ಯಾಸೆಟ್ಟುಗಳನ್ನು ಉಳಿಸಿಕೊಂಡಿದ್ದವರು ಅವುಗಳನ್ನು ಹೊಸ ಕಂಪ್ಯೂಟರಿನ ನೀಲಿ ತೂತಿಗೆ ಕೇಳಿಸಿ, ಕೀರಲು ಧ್ವನಿಯೊಳಗಿಂದ ಹಳೆಯ ಪ್ರೋಗ್ರಾಂಗಳನ್ನು ಮತ್ತೆ ಬಿಡಿಸಿಕೊಂಡಿದ್ದಾರೆ. ನಮ್ಮ ಮನೆಯ ಬೀರುವಿನಲ್ಲಿ ಪ್ರೋಗ್ರಾಂಗಳೇನೂ ಇರಲಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಹನ್ನೊಂದು ಕ್ಯಾಸೆಟ್ಟುಗಳಿದ್ದವು. ಕಳೆದ ಮಳೆಗಾಲದಲ್ಲಿ ಒಂದೊಂದಾಗಿ ತಂತಿಗೆ ಕೂಡಿಸಿದೆ. ಏಳನೆಯದರಲ್ಲಿ ಯಾರೋ ರೇಡಿಯೋದಿಂದ ಹಿಡಿದ ಭಾವಗೀತೆ. ಅದರ ನಡುವೆ ಒಲೆಯ ಮೇಲೆ ಹಾಲು ಉಕ್ಕಿರಬೇಕು. ನಮ್ಮ ಸೋದರತ್ತೆ ಯಾರನ್ನೋ ಗದರಿಸಿ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಹಾಡು ಬೇರೆ ಕಡೆಯೂ ಸಿಕ್ಕೀತು. ಫೈಲಿಗೆ ನಾನು ಅತ್ತೆಯ ಹೆಸರನ್ನೇ ಇಟ್ಟಿದ್ದೇನೆ.